ಕಾಲಬುಡದಲ್ಲೇ ಇದ್ದ ಬ್ಯಾಸ್

ಎರಡು ಬೇಸಿಗೆ ಪೂರ್ತಿ ಹೊಳೆ ದಡದಲ್ಲಿ ನಿಂತಿದ್ದಕ್ಕೆ ನನಗೆ ಸಿಕ್ಕ ಅತಿ ದೊಡ್ಡ ಬ್ಯಾಸ್ ಮೀನು 11 ಇಂಚಿನದು. ಮೀನು ಸಿಗುತ್ತಿರಲಿಲ್ಲ ಅಂತಲ್ಲ. ಒಂದೇ ಸಂಜೆಗೆ ಹತ್ತು ಸಿಕ್ಕ ದಿನವೂ ಇದೆ. ಆದರೆ ಎಲ್ಲವೂ ಅಂಗೈ ಉದ್ದದ ಮರಿಗಳು. ಒಂದನ್ನು ಬಿಡಿಸಿ ನೀರಿಗೆ ಬಿಟ್ಟರೆ ಐದು ನಿಮಿಷಕ್ಕೆ ಅದೇ ವಾಪಸ್ ಬಂದು ಕಚ್ಚಿತೇನೋ ಅನ್ನಿಸುವಷ್ಟು ಒಂದೇ ಥರದವು. ಅದೇ ಹೊತ್ತಿಗೆ ನಡುಹೊಳೆಯಲ್ಲಿ ದೋಣಿಯವರು ಎರಡೂ ಕೈಯಲ್ಲಿ ಮೀನು ಎತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಹ್ಯಾರಿಸ್‌ಬರ್ಗ್ ಪಕ್ಕ. ರಾಜ್ಯದ ರಾಜಧಾನಿ ಅಂದರೂ ಸಣ್ಣ ಊರು. ಊರಿಗೆ ತಾಗಿಕೊಂಡೇ ಸಸ್ಕ್ವೆಹಾನಾ ಹರಿಯುತ್ತದೆ. ಊರಿನ ಮೇಲುಗಡೆ 1902ರಲ್ಲಿ ಕಟ್ಟಿ ಮುಗಿಸಿದ ರಾಕ್‌ವಿಲ್ ರೈಲು ಸೇತುವೆ ಇದೆ. ಕಲ್ಲಿನ ಕಮಾನುಗಳೇ 48, ಉದ್ದ 3,820 ಅಡಿ. ಅಂದರೆ ಹೊಳೆಯ ಅಗಲ ಒಂದು ಕಿಲೋಮೀಟರಿಗೂ ಜಾಸ್ತಿ ಅಂತಾಯಿತು. ಆದರೆ ಆಳ ಅಷ್ಟಕ್ಕಷ್ಟೇ. ಬೇಸಿಗೆಯಲ್ಲಿ ಎಷ್ಟೋ ಕಡೆ ಮೊಣಕಾಲು, ಸೊಂಟ. ತಳವೆಲ್ಲ ಬಂಡೆ. ಇಲ್ಲಿಯ ಎಷ್ಟೋ ದೋಣಿಗಳಿಗೆ ಮಾಮೂಲಿ ಪ್ರೊಪೆಲರ್ ಇಲ್ಲ, ಬಂಡೆಗೆ ಬಡಿದು ಮುರಿಯುತ್ತದೆ ಅಂತ ಜೆಟ್ ಮೋಟರ್ ಹಾಕಿಸಿಕೊಂಡಿರುತ್ತಾರೆ.

ಇಂಥ ಹರಿಯುವ ತಿಳಿನೀರು, ಬಂಡೆ, ಇವೆರಡೂ ಇಷ್ಟವಾದ ಮೀನು ಸ್ಮಾಲ್‌ಮೌತ್ ಬ್ಯಾಸ್. ಕಂಚಿನ ಬಣ್ಣ, ಮೈಮೇಲೆ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆ, ಕೆಂಪು ಕಣ್ಣು. ಹೆಸರಿಗೆ ಸಣ್ಣ ಬಾಯಿ. ಲಾರ್ಜ್‌ಮೌತ್ ಅಂತ ಇದರ ಅಣ್ಣ ಒಂದಿದೆ, ಅದರ ದವಡೆ ಕಣ್ಣಿನಿಂದ ಹಿಂದಕ್ಕೆ ಹೋಗುತ್ತದೆ. ಇದರದ್ದು ಕಣ್ಣಿನ ಕೆಳಗೇ ನಿಲ್ಲುತ್ತದೆ. ಹೆಸರಿನ ವ್ಯತ್ಯಾಸ ಅಷ್ಟೇ. ಬಾಯಿಗೆ ಹಾಕುವುದರಲ್ಲಿ ಇಬ್ಬರೂ ಒಂದೇ.

ನಮ್ಮೂರು ತೀರ್ಥಹಳ್ಳಿ ಕಡೆ. ತುಂಗಾ ಹೊಳೆಯಲ್ಲಿ ಬಿದಿರಿನ ಗಳಕ್ಕೆ ತಂಗೂಸಿ ಕಟ್ಟಿ, ಎರೆಹುಳ ಚುಚ್ಚಿ ಕೂತು ಬೆಳೆದವನು ನಾನು. ಹಾಗಾಗಿ ಇಲ್ಲಿಗೆ ಬಂದಾಗ ನನಗೆ ಸ್ವಲ್ಪ ಜಂಬವೇ ಇತ್ತು. 16 ವರ್ಷ ದಾಟಿದವರು ಲೈಸೆನ್ಸ್ ತಗೋಬೇಕು ಅಂದರು, ತಗೊಂಡೆ. ಅಂಗಡಿಗೆ ಹೋಗಿ ರಾಡು, ರೀಲು, ಪ್ಲಾಸ್ಟಿಕ್ ಹುಳ, ಬಣ್ಣಬಣ್ಣದ ಮರದ ಮೀನು, ಎಲ್ಲ ತಂದೆ. ಬಿಲ್ ಎಷ್ಟಾಯಿತು ಅಂತ ಹೆಂಡತಿಗೆ ಇವತ್ತಿಗೂ ಹೇಳಿಲ್ಲ.

ತಪ್ಪು ಶುರುವಾಗಿದ್ದು ಅಲ್ಲೇ. ದೊಡ್ಡ ಮೀನು ನಡುಹೊಳೆಯಲ್ಲಿದೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ದೋಣಿಯವರು ಅಲ್ಲಿಗೇ ಹೋಗುತ್ತಾರಲ್ಲ. ಹಾಗಾಗಿ ನನ್ನ ಬುದ್ಧಿಯೆಲ್ಲ ಎಷ್ಟು ದೂರ ಎಸೆಯಬಹುದು ಅನ್ನುವುದರಲ್ಲೇ ಖರ್ಚಾಯಿತು. ಆರು ಅಡಿಯ ರಾಡು ಬಿಟ್ಟು ಏಳೂವರೆ ಅಡಿಯದು ತಂದೆ. ದಾರ ತೆಳುವಾದಷ್ಟೂ ದೂರ ಹೋಗುತ್ತದೆ ಅಂತ ತೆಳು ಬ್ರೇಡ್, ಅಂದರೆ ಹೆಣೆದ ದಾರ, ಸುತ್ತಿದೆ. ದಡಕ್ಕೆ ಬಂದವನೇ ಕಲ್ಲಿನ ಮೇಲೆ ದಡದಡ ಹೆಜ್ಜೆ ಹಾಕಿ, ನೀರಿಗೆ ಮೊಣಕಾಲವರೆಗೆ ಇಳಿದು, ಇಡೀ ಮೈ ತಿರುಗಿಸಿ ಬೀಸುತ್ತಿದ್ದೆ. ಗಾಳ ಹೋಗಿ ಎಲ್ಲೋ ಬಿದ್ದಾಗ ಒಂಥರಾ ಖುಷಿ. ಅಲ್ಲಿ ಏನಿದೆ, ಎಷ್ಟು ಆಳ, ಬಂಡೆ ಇದೆಯೋ ಮರಳೋ, ಒಂದೂ ಗೊತ್ತಿಲ್ಲ. ಅಷ್ಟು ದೂರದಲ್ಲಿ ಮೀನು ಕಚ್ಚಿದರೂ ಕೈಗೆ ತಿಳಿಯುವುದಿಲ್ಲ. ತಿಳಿದದ್ದೆಲ್ಲ ಬಂಡೆ ಕಚ್ಚಿದ್ದು ಮಾತ್ರ. ಒಂದೊಂದು ಸಂಜೆಗೆ ಆರು ಏಳು ಗಾಳ ಹೊಳೆಗೆ ಅರ್ಪಿಸಿ ಬರುತ್ತಿದ್ದೆ.

ಕಣ್ಣು ತೆರೆಸಿದ್ದು ಒಂದು ಸಿಕ್ಕು.

ಮೂರನೇ ವರ್ಷದ ಜುಲೈ. ಊರಿನ ಮೇಲುಗಡೆಯ ಫೋರ್ಟ್ ಹಂಟರ್ ಪಾರ್ಕಿನ ಹತ್ತಿರ ನಿಂತಿದ್ದೆ. ಎದುರುಗಾಳಿಗೆ ಜೋರಾಗಿ ಬೀಸಿದ್ದಕ್ಕೆ ಬ್ರೇಡ್ ಪೂರ್ತಿ ರೀಲಿನಿಂದ ಎದ್ದು ಬಂದು ಗೀಜಗನ ಗೂಡಾಯಿತು. ಕತ್ತರಿಸಿ ಎಸೆಯೋಣ ಅಂದರೆ ದುಡ್ಡು ಕೊಟ್ಟು ತಂದ ದಾರ. ನೀರಿನಿಂದ ಮೇಲೆ ಬಂದು, ಒಂದು ಕಲ್ಲಿನ ಮೇಲೆ ಕೂತು, ಸೂಜಿ ಹಿಡಿದವನಂತೆ ಒಂದೊಂದೇ ಎಳೆ ಬಿಡಿಸತೊಡಗಿದೆ. ಅರ್ಧ ಗಂಟೆ ಅಲ್ಲಾಡಲಿಲ್ಲ.

ನನ್ನ ಕಾಲಿನಿಂದ ನಾಲ್ಕಡಿ ಆಚೆ, ಎರಡಡಿ ನೀರು. ನಾನು ಸ್ವಲ್ಪ ಹೊತ್ತಿನ ಮುಂಚೆ ನಿಂತು ಬೀಸುತ್ತಿದ್ದ ಜಾಗವೇ ಅದು. ಮೊದಲು ಸಣ್ಣ ಮೀನುಗಳು ಬಂದವು. ಆಮೇಲೆ ಒಂದು ಕಲ್ಲಿನ ಅಡಿಯಿಂದ ಕ್ರೇಫಿಶ್ ಹೊರಗೆ ಬಂತು. ನೋಡದವರಿಗೆ ಹೇಳುವುದಾದರೆ, ನಮ್ಮ ಸಿಗಡಿಗೂ ಏಡಿಗೂ ಹುಟ್ಟಿದ್ದು ಅನ್ನಬಹುದು, ಹಾಗಿರುತ್ತದೆ. ಅದು ಎರಡು ಕೊಂಬು ಎತ್ತಿಕೊಂಡು ಹಿಂದಹಿಂದಕ್ಕೆ ಸರಿಯುತ್ತಿತ್ತು. ಯಾಕೆ ಅಂತ ನೋಡಿದರೆ ಅದರ ಎದುರಿಗೆ ಒಂದು ನೆರಳು. ನೆರಳಿಗೆ ರೆಕ್ಕೆ ಆಡುತ್ತಿತ್ತು. ನನ್ನ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದದ ಬ್ಯಾಸ್. ತಲೆ ಕೆಳಗೆ ಬಾಲ ಮೇಲೆ ಮಾಡಿ ನಿಂತಿತ್ತು. ಒಮ್ಮೆ ಕಿವಿರು ಬಿಚ್ಚಿತು, ಅಷ್ಟೇ. ಕ್ರೇಫಿಶ್ ಇರಲಿಲ್ಲ. ಕಚ್ಚಿದ್ದಲ್ಲ, ನೀರಿನ ಸಮೇತ ಹೀರಿಕೊಂಡದ್ದು.

ನಾನು ಉಸಿರು ಬಿಟ್ಟೆನೋ, ಕಾಲು ಸರಿಸಿದೆನೋ, ನೆನಪಿಲ್ಲ. ಒಂದು ಪುಟ್ಟ ಕಲ್ಲು ಕಟ್ ಅಂದಿತು. ನೆರಳು ಮಾಯ.

ಆ ಸಂಜೆ ಗಾಳ ಹಾಕಲಿಲ್ಲ. ಸಿಕ್ಕು ಬಿಡಿಸಿಕೊಂಡು ಮನೆಗೆ ಬಂದೆ. ಎರಡು ವರ್ಷ ನಾನು ಮೀನಿನ ತಲೆ ಮೇಲೆ ನಿಂತುಕೊಂಡು ಮೀನಿಲ್ಲದ ಕಡೆಗೆ ಎಸೆದಿದ್ದೆ, ಅಲ್ವಾ?

ಅಲ್ಲಿಂದ ಎಲ್ಲ ತಿರುಗಿಸಿದೆ. ದಡದಿಂದ ಹತ್ತಡಿ ಹಿಂದೆಯೇ ನಿಂತು, ಮೊದಲ ಗಾಳ ಕಾಲಬುಡಕ್ಕೆ. ನೀರಿಗೆ ಅಡ್ಡ ಎಸೆಯುವ ಬದಲು ದಡದ ಉದ್ದಕ್ಕೆ ಎಸೆಯತೊಡಗಿದೆ. ಲೆಕ್ಕ ಸರಳ. ಅಡ್ಡ ಎಸೆದರೆ ಗಾಳ ದಡದ ಪಟ್ಟಿಯಲ್ಲಿ ಇರುವುದು ಕೊನೆಯ ಎರಡು ಸೆಕೆಂಡ್ ಮಾತ್ರ, ಅದೂ ನಾವು ಬೇಗಬೇಗ ಸುತ್ತುವಾಗ. ಉದ್ದಕ್ಕೆ ಎಸೆದರೆ ಪೂರ್ತಿ ಹೊತ್ತು ಅಲ್ಲೇ ಇರುತ್ತದೆ. ಬಿಳಿ ಟೀ ಶರ್ಟ್ ಹೋಗಿ ಹಸಿರು ಬಂತು. ಸೂರ್ಯ ಬೆನ್ನ ಹಿಂದೆ ಇದ್ದರೆ ನನ್ನ ನೆರಳು ನೀರಿಗೆ ಬೀಳುತ್ತದೆ, ಹಾಗಾಗಿ ಕೂತೇ ಹಾಕುವುದು ಕಲಿತೆ. ದಡದಲ್ಲಿ ವಾಕ್ ಮಾಡುವವರು ಈ ಇಂಡಿಯನ್ ಯಾಕೆ ಹೊಳೆ ಕಡೆ ಕುಕ್ಕರಗಾಲಲ್ಲಿ ಹೋಗ್ತಿದ್ದಾನೆ ಅಂತ ನೋಡುತ್ತಿದ್ದರು. ನೋಡಲಿ ಬಿಡಿ.

ಎಲ್ಲಿ ಹಾಕಬೇಕು ಅನ್ನುವುದು ಇನ್ನೊಂದು ಪಾಠ. ದೊಡ್ಡ ಮೀನು ಸೋಮಾರಿ. ಜೋರು ಸೆಳವಿನಲ್ಲಿ ಈಜಿ ಮೈ ದಣಿಸಿಕೊಳ್ಳುವುದಿಲ್ಲ. ಸೆಳವಿನ ಪಕ್ಕದಲ್ಲೇ ನೀರು ನಿಧಾನವಾಗುವ ಜಾಗ ಇರುತ್ತದಲ್ಲ, ಬಂಡೆಯ ಹಿಂದೆ, ಬಿದ್ದ ಮರದ ಹಿಂದೆ, ಸೇತುವೆ ಕಂಬದ ಹಿಂದೆ, ಅಲ್ಲಿ ನಿಂತು ತೇಲಿ ಬಂದದ್ದನ್ನು ತಿನ್ನುತ್ತದೆ. ಓಡುವ ನೀರು, ನಿಂತ ನೀರು ಸೇರುವ ಕಡೆ ಮೇಲೆ ಒಂದು ಗೆರೆ ಕಾಣುತ್ತದೆ. ಅದರ ಮೇಲೆ ನೊರೆ, ಎಲೆ ಎಲ್ಲ ಸಾಲಾಗಿ ಹೋಗುತ್ತಿರುತ್ತವೆ. ಗಾಳ ಬೀಳಬೇಕಾದ್ದು ಆ ಗೆರೆಯ ಮೇಲ್ಗಡೆ. ಅಲ್ಲಿಂದ ಸೆಳವೇ ಅದನ್ನು ಒಳಗೆ ತಳ್ಳಿಕೊಂಡು ಹೋಗುತ್ತದೆ.

ಡಬ್ಬಿಯಲ್ಲಿದ್ದ ಬಣ್ಣದ ಸಾಮಾನಿನಲ್ಲಿ ಮುಕ್ಕಾಲು ಪಾಲು ಗೆಳೆಯರಿಗೆ ಕೊಟ್ಟೆ. ಉಳಿದದ್ದು ಮೂರು ನಾಲ್ಕು. ಮುಖ್ಯವಾದದ್ದು ಟ್ಯೂಬ್ ಅನ್ನುವ ಮೂರೂವರೆ ಇಂಚಿನ ರಬ್ಬರ್ ಕೊಳವೆ, ಒಂದು ತುದಿಯಲ್ಲಿ ಜಾಲರಿ, ಕಂದು ಹಸಿರು ಬಣ್ಣ. ಒಳಗೆ ಸೀಸದ ತಲೆಯ ಗಾಳ ತೂರಿಸಿ, ತಳದ ಕಲ್ಲಿನ ಮೇಲೆ ಒಂದೊಂದೇ ಇಂಚು ಎಳೆದು, ನಿಲ್ಲಿಸಿ, ಮತ್ತೆ ಎಳೆದರೆ ಥೇಟ್ ಹಿಂದಕ್ಕೆ ಸರಿಯುವ ಕ್ರೇಫಿಶ್. ನಾನೇ ಕಣ್ಣಾರೆ ನೋಡಿದ್ದೆನಲ್ಲ, ಕೈಗೆ ಆ ಲಯ ಬೇಗ ಬಂತು. ಮುಂಚೆ ಎರಡು ಇಂಚಿನ ಹುಳ ಹಾಕುತ್ತಿದ್ದಾಗ ಮರಿಗಳ ಸಂತೆ. ದೊಡ್ಡದು ಹಾಕಿದ ಮೇಲೆ ಸಂಜೆಗೆ ಹತ್ತು ಕಚ್ಚುತ್ತಿದ್ದದ್ದು ಎರಡಕ್ಕೆ ಇಳಿಯಿತು. ಒಂದೊಂದು ಸಂಜೆ ಒಂದೂ ಇಲ್ಲ. ಇದು ಎಲ್ಲರಿಗೂ ಆಗುವುದಿಲ್ಲ. ನನಗೂ ಮೊದಲ ಎರಡು ವಾರ ಕೈ ತುರಿಸುತ್ತಿತ್ತು, ಸಣ್ಣದು ಹಾಕಿಬಿಡೋಣ ಅಂತ. ಆದರೆ ಆಗಸ್ಟ್ ಮುಗಿಯುವುದರೊಳಗೆ 14 ಇಂಚು, 15 ಇಂಚು, ಒಂದು 16 ಇಂಚು ಬಂತು.

ಆಗಸ್ಟ್ ಅಂದಾಗ ಒಂದು ಮಾತು. ಆ ಹೊತ್ತಿಗೆ ಕತ್ತಲಾಗುವ ಸಮಯದಲ್ಲಿ ಹೊಳೆಯಿಂದ ವೈಟ್ ಫ್ಲೈ ಅನ್ನುವ ಬಿಳಿ ಹುಳ ಏಳುತ್ತದೆ. ನಮ್ಮ ಕಡೆ ಮೊದಲ ಮಳೆಗೆ ದೀಪಕ್ಕೆ ಮುತ್ತುವ ರೆಕ್ಕೆಹುಳ ನೋಡಿದ್ದೀರಲ್ಲ, ಅದಕ್ಕೆ ನೂರರಷ್ಟು. ಸೇತುವೆ ದೀಪದ ಕೆಳಗೆ ಹಿಮ ಬಿದ್ದ ಹಾಗೆ ರಾಶಿ. ಅವುಗಳ ಆಯಸ್ಸು ಆ ಒಂದು ಸಂಜೆಯದ್ದೇ. ಹೊಳೆ ತುಂಬ ಮೀನು ಪಟಪಟ ಅಂತ ಹಾರಿ ತಿನ್ನುತ್ತವೆ. ಎಲ್ಲರೂ ಅದನ್ನು ಹಬ್ಬ ಅನ್ನುತ್ತಾರೆ. ನೋಡಲು ಹಬ್ಬವೇ. ಆದರೆ ದೊಡ್ಡ ಮೀನು ಬೇಕು ಅನ್ನುವವರಿಗೆ ನಾನು ಹೇಳುವುದು, ಆ ಸಂಜೆ ರಾಡು ಕೆಳಗಿಟ್ಟು ಸುಮ್ನೆ ನೋಡಿ. ನನಗೆ ಆ ಗಲಾಟೆಯಲ್ಲಿ ಸಿಕ್ಕಿದ್ದೆಲ್ಲ ಮರಿಗಳೇ.

ಸೆಪ್ಟೆಂಬರ್‌ನಲ್ಲಿ ಒಂದನ್ನು ಕಳೆದುಕೊಂಡೆ. ಅದರ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಎರಡು ಸಲ ನೀರಿನಿಂದ ಪೂರ್ತಿ ಮೇಲೆ ಹಾರಿತು, ಮೂರನೇ ಸಲಕ್ಕೆ ದಾರ ಸಡಿಲ. ಎಳೆದು ನೋಡಿದರೆ ತುದಿಯಲ್ಲಿ ಪುಟ್ಟ ಸುರುಳಿ. ಅಂದರೆ ದಾರ ತುಂಡಾಗಿಲ್ಲ, ಗಂಟು ಜಾರಿದೆ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಬೇಕು, ಒಣಗಿದ್ದಾಗ ಬಿಗಿದರೆ ಉಜ್ಜಿದ ಬಿಸಿಗೆ ನೈಲಾನ್ ಸೊರಗುತ್ತದೆ, ಸರಿಯಾಗಿ ಕೂರುವುದೂ ಇಲ್ಲ. ಇದನ್ನು ಚಿಕ್ಕಪ್ಪ ನನಗೆ ಏಳನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದರು. ಅವತ್ತು ಅವಸರದಲ್ಲಿ ಕಟ್ಟಿದ್ದೆ.

ಚಿಕ್ಕಪ್ಪನ ಇನ್ನೊಂದು ಪಾಠ ಅಕ್ಟೋಬರ್‌ನಲ್ಲಿ ನೆನಪಾಯಿತು. ಮೂರು ದಿನ ಬಿಡದೆ ಮಳೆ ಸುರಿದಿತ್ತು. ಹ್ಯಾರಿಸ್‌ಬರ್ಗ್‌ನಲ್ಲಿ ಹೊಳೆಯ ಮಟ್ಟ ಅಳೆಯುವ ಗೇಜ್ ಇದೆ, ಫೋನಿನಲ್ಲೇ ನೋಡಬಹುದು. ಬೇಸಿಗೆಯಲ್ಲಿ ಮೂರೂವರೆ ಅಡಿಯ ಆಸುಪಾಸು ಇರುತ್ತದೆ. 17 ಅಡಿಗೆ ಪ್ರವಾಹ ಅಂತ ಲೆಕ್ಕ. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತ ಬಂದಾಗ 32 ಅಡಿ ದಾಟಿ ಊರೊಳಗೆ ನುಗ್ಗಿತ್ತು. ಅವತ್ತು ಶನಿವಾರ ಬೆಳಿಗ್ಗೆ ನೋಡಿದಾಗ ಆರು ಅಡಿ, ಇನ್ನೂ ಏರುತ್ತಿದೆ. ನನ್ನ ಜೊತೆ ಬರುತ್ತಿದ್ದ ಆಫೀಸಿನ ಗೆಳೆಯ ಬರಲ್ಲ ಅಂದ. ಹೊಳೆ ಕೆಟ್ಟಿದೆ, ಇನ್ನು ನಾಲ್ಕು ದಿನ ಆಗಲ್ಲ ಅಂದ.

ನನಗೆ ತಟ್ಟನೆ ನೆನಪಾದದ್ದು ತುಂಗೆಯ ಕೆಂಪು ನೀರು. ಜೂನ್‌ನಲ್ಲಿ ಹೊಳೆ ಏರಿದಾಗ ಚಿಕ್ಕಪ್ಪ ನಡುಹೊಳೆಯ ಕಡೆಗೆ ಗಾಳ ಹಾಕುತ್ತಲೇ ಇರಲಿಲ್ಲ. ನೀರು ಹತ್ತಿ ಮುಳುಗಿದ ದಡದ ಗಿಡಗಳ ಬುಡಕ್ಕೆ, ಹಳ್ಳ ಹೊಳೆಗೆ ಸೇರುವ ಬಾಯಿಗೆ ಹಾಕುತ್ತಿದ್ದರು. ನಡುವೆ ನಿಂತರೆ ಮೀನನ್ನೂ ಎಳ್ಕೊಂಡು ಹೋಗ್ತದೆ ಕಣೋ, ಅದು ದಡಕ್ಕೆ ಬರದೆ ಏನು ಮಾಡ್ತದೆ ಅನ್ನುತ್ತಿದ್ದರು. ಹೊಳೆ ಇಳಿದಿರುವಾಗ ದೋಣಿಯವರು ರಾಜರು. ಹೊಳೆ ಏರಿದಾಗ ಇಡೀ ಹೊಳೆಯ ಮೀನು ದಡದಲ್ಲಿ ನಿಂತವನ ಪಟ್ಟಿಗೆ ಬಂದು ಸೇರುತ್ತದೆ. ಇಷ್ಟು ಸಣ್ಣ ವಿಷಯ ನನಗೆ ಇಲ್ಲಿ ಮೂರು ವರ್ಷ ಹೊಳೆಯಲಿಲ್ಲ.

ಆಚೆ ದಡದಲ್ಲಿ ವೆಸ್ಟ್ ಫೇರ್‌ವ್ಯೂ ಅಂತ ಇದೆ. ಅಲ್ಲಿ ಕಾನೊಡೊಗ್ವಿನೆಟ್ ಅನ್ನುವ ಹಳ್ಳ ಸಸ್ಕ್ವೆಹಾನಾಗೆ ಸೇರುತ್ತದೆ. ಹೆಸರು ಹೇಳಲು ನನಗೆ ಒಂದು ವರ್ಷ ಬೇಕಾಯಿತು. ಹೋಗಿ ನೋಡಿದರೆ ಹೊಳೆಯ ನೀರು ಹಾಲು ಕಮ್ಮಿ ಹಾಕಿದ ಚಹಾ. ಎಲೆ, ಕೊಂಬೆ, ಒಂದು ಪ್ಲಾಸ್ಟಿಕ್ ಕುರ್ಚಿ, ಎಲ್ಲ ತೇಲಿ ಹೋಗುತ್ತಿವೆ. ಆದರೆ ಹಳ್ಳದ ಬಾಯಿಯ ಕೆಳಗೆ, ದಡಕ್ಕೆ ಒತ್ತಿಕೊಂಡು, ಒಂದು ಬಸ್ಸಿನಷ್ಟು ಉದ್ದದ ಜಾಗದಲ್ಲಿ ನೀರು ಉಲ್ಟಾ ತಿರುಗುತ್ತಿತ್ತು. ಸುಳಿ ಅಂದರೆ ಹೆದರಿಸುವ ಸುಳಿಯಲ್ಲ, ನಿಧಾನಕ್ಕೆ ತಿರುಗುವ ಸುಳಿ. ಕಾಲಿಗೆ ಗಟ್ಟಿ ನೆಲ ಇರುವ ಜಾಗ ನೋಡಿಕೊಂಡು, ನೀರಿಗೆ ಇಳಿಯದೆ ಮೇಲೆಯೇ ಕೂತೆ. ಏರುವ ಹೊಳೆಯಲ್ಲಿ ಇಳಿಯುವುದು ಬೇಡವೇ ಬೇಡ. ಊರಿನ ಕೆಳಗೆ ಡಾಕ್ ಸ್ಟ್ರೀಟ್ ಅಣೆ ಇದೆ. ನೋಡಲು ಪುಟ್ಟ ಕಟ್ಟೆ, ಆದರೆ ಅದರ ಕೆಳಗೆ ನೀರು ಮಗುಚಿ ಮಗುಚಿ ಒಳಕ್ಕೇ ಎಳೆಯುತ್ತದೆ. ಅಲ್ಲಿ ಜೀವ ಹೋದವರು ಒಬ್ಬಿಬ್ಬರಲ್ಲ.

ಕಲಕು ನೀರಲ್ಲಿ ಕಂದು ಟ್ಯೂಬ್ ಕಾಣುವುದಿಲ್ಲ ಅಂತ ಕಪ್ಪು ಜಿಗ್, ಅಂದರೆ ತಲೆಗೇ ಭಾರ ಕೂರಿಸಿದ ಗಾಳ, ಕಟ್ಟಿದೆ. ಕಾಲು ಔನ್ಸ್ ತೂಕ, ಹಿಂದೆ ಎರಡು ಕೊಂಬಿನ ರಬ್ಬರ್ ಕ್ರೇಫಿಶ್. ಗಂಟಿಗೆ ಎರಡು ಸಲ ಎಂಜಲು. ದೂರ ಎಸೆಯುವ ಪ್ರಶ್ನೆಯೇ ಇಲ್ಲ. ದಡದ ಉದ್ದಕ್ಕೆ, ಇಪ್ಪತ್ತು ಅಡಿ, ನೀರು ಹತ್ತಿದ ಒಂದು ಪೊದೆಯ ಪಕ್ಕಕ್ಕೆ ಬಿಟ್ಟೆ. ಒಂದು ಗಂಟೆ ಏನೂ ಇಲ್ಲ. ಫ್ಲಾಸ್ಕಿನ ಕಾಫಿ ಮುಗಿಯಿತು. ಎರಡು ಸಲ ಕೊಂಬೆಗೆ ಸಿಕ್ಕಿಕೊಂಡಿತು.

ಮೂರನೇ ಸಲವೂ ಕೊಂಬೆ ಅಂದುಕೊಂಡೆ. ದೊಡ್ಡ ಮೀನು ಟಕ್ ಅಂತ ಹೊಡೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಇದು ಹೊಡೆಯಲಿಲ್ಲ. ದಾರ ಭಾರವಾಯಿತು, ಒದ್ದೆ ಬಟ್ಟೆ ಸಿಕ್ಕಿದ ಹಾಗೆ. ಆಮೇಲೆ ಆ ಒದ್ದೆ ಬಟ್ಟೆ ಹೊಳೆಯ ಕಡೆಗೆ ನಡೆಯತೊಡಗಿತು. ರಾಡು ಎತ್ತಿದೆ. ರೀಲು ಚರ್‍ರ್ ಅಂದಿತು. ಮುಂಚಿನ ನಾನಾಗಿದ್ದರೆ ಹೆದರಿ ಬಿಗಿ ಮಾಡಿ ಎಳೆಯುತ್ತಿದ್ದೆ. ಈ ಸಲ ರೀಲಿನ ಬ್ರೇಕಾದ ಡ್ರ್ಯಾಗ್ ಸಡಿಲವಾಗಿಯೇ ಇಟ್ಟು, ಅದು ಓಡಿದಾಗ ಓಡಲು ಬಿಟ್ಟೆ. ಹೊರಗಿನ ಸೆಳವಿಗೆ ಹೋದರೆ ಮುಗಿಯಿತು, ಹಾಗಾಗಿ ರಾಡು ನೀರಿನ ಮಟ್ಟಕ್ಕೆ ಮಲಗಿಸಿ ದಡದ ಕಡೆಗೆ ಓರೆ ಎಳೆದು ಹಿಡಿದೆ. ಎರಡು ಸಲ ಸುಳಿಯ ಅಂಚಿನವರೆಗೆ ಹೋಗಿ ವಾಪಸ್ ಬಂತು. ಹಾರಲೇ ಇಲ್ಲ. ತಳದಲ್ಲೇ ತಲೆ ಕೊಡವುತ್ತಿತ್ತು, ಒಂದೊಂದು ಕೊಡವೂ ನನ್ನ ಮೊಣಕೈವರೆಗೆ ಬರುತ್ತಿತ್ತು. ಎಷ್ಟು ಹೊತ್ತಾಯಿತೋ, ಮೂರು ನಿಮಿಷ ಇರಬಹುದು. ಕೊನೆಗೆ ಚಹಾ ನೀರಿನಲ್ಲಿ ಒಂದು ಕಂಚಿನ ಮಗ್ಗುಲು ಹೊರಳಿತು.

ದಡದಲ್ಲೇ ಮಂಡಿಯೂರಿ, ಕೈ ಒದ್ದೆ ಮಾಡಿಕೊಂಡು, ಕೆಳತುಟಿ ಹಿಡಿದೆ. ಬ್ಯಾಸ್‌ಗೆ ಚೂಪು ಹಲ್ಲಿಲ್ಲ, ಬಾಯೊಳಗೆ ಉಪ್ಪು ಕಾಗದ ಮುಟ್ಟಿದ ಹಾಗಿರುತ್ತದೆ. ಹೆಬ್ಬೆರಳು ತರಚಿ ಎರಡು ದಿನ ಉರಿಯಿತು, ಸಾಂಬಾರ್ ಕಲಸುವಾಗ ನೆನಪಾಗುತ್ತಿತ್ತು. ರಾಡಿನ ಹಿಡಿಯ ಮೇಲೆ ಅಳತೆಗೆ ಟೇಪಿನ ಗುರುತು ಹಾಕಿಕೊಂಡಿದ್ದೇನೆ. 19 ಇಂಚು ದಾಟಿ ಅರ್ಧ. 20 ಅಂತ ಬರೆಯಬಹುದಿತ್ತು, ಯಾರು ನೋಡಿದ್ದಾರೆ. ಆದರೆ ಹತ್ತೊಂಬತ್ತೂವರೆಯೇ. ಬಾಲದ ಅಂಚು ಹರಿದಿತ್ತು, ದವಡೆಯಲ್ಲಿ ಹಳೇ ಗಾಳದ ಗಾಯದ ಗುರುತು. ಇಲ್ಲಿಯ ಚಳಿಗೆ ಮೀನು ಬೆಳೆಯುವುದು ನಿಧಾನ. ಈ ಗಾತ್ರಕ್ಕೆ ಹತ್ತು ವರ್ಷದ ಆಸುಪಾಸು ಬೇಕು.

ನೀರಲ್ಲಿ ತಲೆ ಸೆಳವಿಗೆ ಮುಖ ಮಾಡಿಸಿ ಹಿಡಿದುಕೊಂಡೆ. ಎರಡು ಸಲ ಕಿವಿರು ಆಡಿಸಿತು, ಮುಖಕ್ಕೆ ನೀರು ಎರಚಿ ಹೋಯಿತು.

ಸಂಜೆ ಊರಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗಿನ ಜಾವ, ಚಿಕ್ಕಪ್ಪ ಹಟ್ಟಿ ಕಡೆ ಹೊರಟಿದ್ದರು.

"ಚಿಕ್ಕಪ್ಪ, ಇವತ್ತು ದೊಡ್ಡ ಬ್ಯಾಸ್ ಹಿಡಿದೆ."

"ಯಾರು, ನಿಮ್ಮ ಆಫೀಸಿನ ಬಾಸಾ?"

ಫೋಟೋ ತೋರಿಸಿದೆ. ಕನ್ನಡಕ ತರಿಸಿಕೊಂಡು ನೋಡಿದರು.

"ಎಷ್ಟಿತ್ತು?"

"ಎರಡು ಕೆಜಿಗೆ ಸ್ವಲ್ಪ ಕಮ್ಮಿ."

"ಅಡ್ಡಿಲ್ಲ. ಸಾರು ಮಾಡಿದ್ರಾ, ಹುರಿದ್ರಾ?"

"ಬಿಟ್ಟೆ."

ಫೋನ್ ಕೆಟ್ಟಿತೇನೋ ಅಂದುಕೊಂಡೆ, ಅಷ್ಟು ಹೊತ್ತು ಮಾತಿಲ್ಲ. ಆಮೇಲೆ ವಿವರಿಸಿದೆ. 2005ರಲ್ಲಿ ಈ ಹೊಳೆಯಲ್ಲಿ ಬ್ಯಾಸ್ ಮರಿಗಳಿಗೆ ರೋಗ ಬಂದು ರಾಶಿ ರಾಶಿ ಸತ್ತವು. 2011ರಿಂದ ಈ ಭಾಗದಲ್ಲಿ ಹಿಡಿದ ಬ್ಯಾಸನ್ನು ಆ ಕ್ಷಣವೇ ಬಿಡಬೇಕು ಅಂತ ಕಾನೂನು ಮಾಡಿದರು. ಮೇ ತಿಂಗಳ ಹೊತ್ತಿಗೆ ಗಂಡುಮೀನು ಗೂಡು ಕಾಯುತ್ತಿರುತ್ತದೆ, ಆಗ ನಾನಂತೂ ರಾಡು ಮುಟ್ಟುವುದೇ ಇಲ್ಲ, ಅಂತೆಲ್ಲ ಹೇಳಿದೆ. ಚಿಪ್ಪಲಗುಡ್ಡೆಯಲ್ಲಿ ನಮ್ಮ ತುಂಗೆಯ ಮೀನಿಗೆ ಅಕ್ಕಿ ಹಾಕಿ ಕೈ ಮುಗಿಯುವವರು ಅವರು, ಹಿಡಿಯದೆ ಬಿಡುವುದು ಅವರಿಗೆ ಹೊಸದಲ್ಲ. ಹಿಡಿದು ಬಿಡುವುದೇ ತಲೆಗೆ ಹೋಗಲಿಲ್ಲ.

"ಅಲ್ಲೋ, ಎಲ್ಲಿ ಹಾಕಿದ್ದೆ ಗಾಳ?"

"ಹಳ್ಳ ಸೇರೋ ಬಾಯಲ್ಲಿ. ಹೊಳೆ ಏರಿತ್ತು."

"ಹಂಗೆ ಹೇಳು ಮತ್ತೆ" ಅಂದರು, ಹಸು ಕೂಗುತ್ತಿದೆ ಅಂತ ಫೋನ್ ಚಿಕ್ಕಮ್ಮನ ಕೈಗೆ ಕೊಟ್ಟರು.

ಮಾರನೇ ದಿನ ಗೆಳೆಯನೂ ಬಂದ. ಗೇಜ್ ಏಳಕ್ಕೆ ಏರಿ ನಿಂತಿತ್ತು. ಕಾರಿನಿಂದ ಇಳಿದವನೇ ರಾಡು ಹಿಂದಕ್ಕೆ ಬೀಸಿ ಹೊಳೆಯ ಮಧ್ಯಕ್ಕೆ ಎಸೆಯಲು ಹೊರಟ. ತೋಳು ಹಿಡಿದು ಕೂರಿಸಿದೆ.